ಸುರಯ್ಯಾಳ ಹಿಂದೆ ನಡೆವ ತಾರೆ

ನಮ್ಮ ಮನೆಗಳಲ್ಲಿ ಸುರಯ್ಯಾ ಎಂಬ ಹೆಸರಿನ ಹೆಣ್ಣುಮಕ್ಕಳು ಅನೇಕರಿದ್ದಾರೆ. ಆದರೆ ಆ ಹೆಸರಿನ ಮೂಲವಾದ ನಕ್ಷತ್ರಪುಂಜವನ್ನು ಆಕಾಶದಲ್ಲಿ ಗುರುತಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಡಿಸೆಂಬರ್ ತಿಂಗಳಲ್ಲಿ ಇಶಾ ನಮಾಝ್ ಮುಗಿಸಿ ಹೊರಬಂದು ಪೂರ್ವದ ಆಕಾಶದಲ್ಲಿ ಎತ್ತರಕ್ಕೆ ದೃಷ್ಟಿ ಹಾಯಿಸಿದರೆ, ಒತ್ತಾಗಿ ಸೇರಿದ ಸಣ್ಣ ತಾರೆಗಳ ಗುಚ್ಛವೊಂದು ಕಾಣುತ್ತದೆ. ಕನ್ನಡದಲ್ಲಿ ಅದು ಕೃತ್ತಿಕೆ, ಅರಬಿಯಲ್ಲಿ ಸುರಯ್ಯಾ. ಅದರ ಹಿಂದೆಯೇ ಮೇಲೇರುವ ಕೆಂಬಣ್ಣದ ತಾರೆ ನಮ್ಮ ರೋಹಿಣಿ. ಸುರಯ್ಯಾಳನ್ನು ಸದಾ ಅನುಸರಿಸುವುದರಿಂದ ಅರಬರು ಅದನ್ನು 'ಅದ್ದಬರಾನ್', ಅಂದರೆ ಹಿಂಬಾಲಿಸುವವನು, ಎಂದು ಕರೆದರು. ಇಂದಿಗೂ ಜಗತ್ತು ಅದನ್ನು ಅಲ್ಡೆಬರಾನ್ ಎಂದೇ ಕರೆಯುತ್ತದೆ. ಇವೆರಡೂ ವೃಷಭ ರಾಶಿಗೆ ಸೇರಿವೆ. ಅರಬರು ಎಣಿಸಿದ ಚಂದ್ರನ 28 ಮನ್‌ಝಿಲ್‌ಗಳಲ್ಲಿ ಸುರಯ್ಯಾ ಮೂರನೆಯದು, ದಬರಾನ್ ನಾಲ್ಕನೆಯದು. ಅಶ್ವಿನಿಯಿಂದ ಎಣಿಸುವ ಭಾರತೀಯ ಕ್ರಮದಲ್ಲಿಯೂ ಕೃತ್ತಿಕೆ ಮತ್ತು ರೋಹಿಣಿಗಳಿಗೆ ಅವೇ ಸ್ಥಾನಗಳಿವೆ.

ಈ ಹೆಸರುಗಳನ್ನು ಮುಂದಿನ ತಲೆಮಾರುಗಳಿಗೆ ದಾಟಿಸಿದವರಲ್ಲಿ ಅಬ್ದುರ್ರಹ್ಮಾನ್ ಅಸ್ಸೂಫಿ ಪ್ರಮುಖರು. ಕ್ರಿ.ಶ. 903ರಲ್ಲಿ ರಯ್ಯ್ ನಗರದಲ್ಲಿ ಜನಿಸಿದ ಅವರು, ಬುವೈಹಿ ದೊರೆ ಅದುದುದ್ದೌಲನ ಆಶ್ರಯದಲ್ಲಿದ್ದು, 964ರ ಸುಮಾರಿಗೆ ಸ್ಥಿರ ನಕ್ಷತ್ರಗಳ ಕುರಿತ ಮಹಾಗ್ರಂಥವನ್ನು ರಚಿಸಿದರು. ಗ್ರೀಕ್ ವಿದ್ವಾಂಸ ಟಾಲೆಮಿ ವಿವರಿಸಿದ್ದ 48 ನಕ್ಷತ್ರಪುಂಜಗಳೇ ಅದಕ್ಕೆ ಆಧಾರ. ಟಾಲೆಮಿಯ ಕಾಲದಿಂದ ನಕ್ಷತ್ರಗಳ ಸ್ಥಾನ ಸರಿದಿರುವುದನ್ನು ಲೆಕ್ಕ ಹಾಕಿ, ಅವುಗಳ ರೇಖಾಂಶಕ್ಕೆ 12 ಡಿಗ್ರಿ 42 ನಿಮಿಷಗಳನ್ನು ಸೇರಿಸಿದರು. ಕಾಂತಿಯ ವಿಷಯದಲ್ಲಾದರೋ ಹಳೆಯ ಗ್ರಂಥವನ್ನು ಹಾಗೆಯೇ ನಂಬದೆ, ಪ್ರತಿಯೊಂದು ತಾರೆಯನ್ನೂ ಸ್ವತಃ ನೋಡಿ ಬರೆದರು. ಪ್ರತಿ ಪುಂಜಕ್ಕೂ ಎರಡು ಚಿತ್ರಗಳನ್ನು ಒದಗಿಸಿದರು: ಒಂದು ಆಕಾಶದಲ್ಲಿ ಕಾಣುವಂತೆ, ಇನ್ನೊಂದು ಗೋಲದ ಮೇಲೆ ಕಾಣುವಂತೆ. ಗ್ರೀಕರ ಗೂಳಿಯ ಚಿತ್ರದ ಪಕ್ಕದಲ್ಲಿಯೇ ಮರಳುಗಾಡಿನ ಅರಬರ ಹಳೆಯ ಹೆಸರುಗಳನ್ನೂ ದಾಖಲಿಸಿದರು. ಗುರುವಿನ ಮೇಲಿನ ಗೌರವ ಮತ್ತು ತನ್ನ ಕಣ್ಣಿನ ಮೇಲಿನ ಭರವಸೆ ಎರಡೂ ಅವರಲ್ಲಿ ಕೂಡಿದ್ದವು.

ಸಮುದ್ರದಲ್ಲಿಯೂ ಈ ಜ್ಞಾನ ಬಳಕೆಯಲ್ಲಿತ್ತು. 15ನೆಯ ಶತಮಾನದ ನಾವಿಕ ಇಬ್ನ್ ಮಾಜಿದ್‌ರ ಕಾಲದಲ್ಲಿ ಹಿಂದೂ ಮಹಾಸಾಗರದ ಅರಬ್ ನಾವಿಕರು ದಿಕ್ಸೂಚಿಯ 32 ದಿಕ್ಕುಗಳನ್ನು ತಾರೆಗಳ ಉದಯಾಸ್ತಗಳಿಂದಲೇ ಹೆಸರಿಸುತ್ತಿದ್ದರು. ಅವುಗಳಲ್ಲಿ ಸುರಯ್ಯಾಳ ಉದಯವೂ ಒಂದು. ನಮ್ಮ ಮಂಗಳೂರಿನಂತಹ ಬಂದರುಗಳಿಗೆ ಅರಬ್ ವರ್ತಕರು ಬಂದದ್ದು ಇದೇ ಸಾಗರವನ್ನು ದಾಟಿ.

ಇಂದು ವೃಷಭವೆಂದರೆ ಅನೇಕರಿಗೆ ದಿನಪತ್ರಿಕೆಯ ರಾಶಿಭವಿಷ್ಯ ಮಾತ್ರ. ಕತ್ತಲೆಯಲ್ಲಿ ದಾರಿ ಕಾಣಲು ನಕ್ಷತ್ರಗಳನ್ನು ನೀಡಲಾಗಿದೆಯೆಂದು ಪವಿತ್ರ ಕುರ್‌ಆನ್ ನೆನಪಿಸುತ್ತದೆ. ನಮ್ಮ ಪೂರ್ವಿಕರು ಅವುಗಳನ್ನು ನೋಡಿ ಕಲಿತರು, ನಾವು ನೋಡದೆಯೇ ನಂಬುತ್ತಿದ್ದೇವೆ. ಮನೆಯ ಸುರಯ್ಯಾಳನ್ನು ಒಂದು ರಾತ್ರಿ ಮಹಡಿಗೆ ಕರೆದೊಯ್ದು ಅವಳ ಹೆಸರಿನ ತಾರೆಗಳನ್ನು ತೋರಿಸೋಣ. ಕಳೆದುಹೋದ ಆ ಪಾಠವನ್ನು ನಾವು ಅಲ್ಲಿಂದಲೇ ಮತ್ತೆ ಆರಂಭಿಸಬಹುದು.