ಅಕ್ವೇರಿಯಂ ಏರ್ ಪಂಪ್

ಮನೆಯ ಮೀನಿನ ತೊಟ್ಟಿಯ ತಳಕ್ಕೆ ಹೊರಗಿನ ಗಾಳಿಯನ್ನು ಒತ್ತಿ ಕಳಿಸುವ ಪುಟ್ಟ ವಿದ್ಯುತ್ ಸಾಧನ. ನೀರಿನಲ್ಲಿ ಆಮ್ಲಜನಕ ಕರಗಲು ಇದು ನೆರವಾಗುತ್ತದೆ. ಸ್ಪಾಂಜ್ ಫಿಲ್ಟರ್ ಕೆಲಸ ಮಾಡುವುದೂ ಇದರ ಬಲದಿಂದಲೇ. ಬಿಸಿಲ ನಾಡಿನಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಕೃಷ್ಣೆ, ತುಂಗಭದ್ರೆಗಳ ನಡುವಿನ ನಡಿಗಡ್ಡ ಸೀಮೆಯ ಇಟಿಕ್ಯಾಲ ಅಂಥದೊಂದು ಊರು. ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಗೆ ಸೇರಿದ ಇಲ್ಲಿ ಬೇಸಿಗೆಯ ಬಿಸಿ 40 ಡಿಗ್ರಿ ದಾಟುತ್ತದೆ.

ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಹಿಡಿದಿಟ್ಟರೆ, 35 ಡಿಗ್ರಿಯಲ್ಲಿ ಅದು 7ರ ಆಸುಪಾಸಿಗೆ ಇಳಿಯುತ್ತದೆ. ಅದೇ ಹೊತ್ತಿಗೆ ಮೀನಿನ ಉಸಿರಾಟ ಚುರುಕಾಗಿ ಅದರ ಬೇಡಿಕೆ ಏರುತ್ತದೆ. ಗೋಲ್ಡ್ ಫಿಶ್ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಆಗ ಆಹಾರ ಹಾಕಿದರೆ ನೀರು ಕೆಟ್ಟು ಕಷ್ಟ ಹೆಚ್ಚುತ್ತದೆ. ಲಂಡನ್ನಿನ ರಸಾಯನ ವಿಜ್ಞಾನಿ ರಾಬರ್ಟ್ ವಾರಿಂಗ್ಟನ್ 1850ರಲ್ಲೇ ಗೋಲ್ಡ್ ಫಿಶ್, ನೀರುಗಿಡ, ಬಸವನಹುಳುಗಳನ್ನು ಒಟ್ಟಿಗಿಟ್ಟು ತೊಟ್ಟಿಯ ಸಮತೋಲ ಕಾಯಬಹುದೆಂದು ತೋರಿಸಿದ್ದ. ಆದರೆ ಗಿಡಗಳು ಆಮ್ಲಜನಕ ಕೊಡುವುದು ಬೆಳಕಿರುವಾಗ ಮಾತ್ರ. ರಾತ್ರಿ ಅವೂ ಅದನ್ನೇ ಬಳಸುತ್ತವೆ. ಮೀನಿಗೆ ಅತಿ ಕಷ್ಟದ ಹೊತ್ತು ಬೆಳಗಿನ ಜಾವ. ಸದ್ದಾಗುತ್ತದೆಂದು ರಾತ್ರಿ ಪಂಪ್ ಆರಿಸುವ ರೂಢಿಯನ್ನು ಬಿಡಬೇಕಾದದ್ದು ಈ ಕಾರಣಕ್ಕೆ.

ಪಂಪಿನೊಳಗೆ ಒಂದು ವಿದ್ಯುತ್ಕಾಂತ, ಅದರೆದುರು ಕಾಂತ ಅಂಟಿಸಿದ ಸಣ್ಣ ತೋಳು, ತೋಳಿನ ತುದಿಗೆ ರಬ್ಬರ್ ಪೊರೆ ಇರುತ್ತವೆ. ನಮ್ಮ 50 ಹರ್ಟ್ಸ್ ಕರೆಂಟಿಗೆ ತೋಳು ಸೆಕೆಂಡಿಗೆ 50 ಸಲ ಆಡುತ್ತದೆ. ಕೇಳಿಸುವ ಗುಂಯ್‌ಗುಟ್ಟುವಿಕೆ ಅದರದೇ. ಪಂಪಿನಡಿ ಸ್ಪಾಂಜ್ ತುಂಡು ಹಾಕಿದರೆ ಸದ್ದು ಬಹುಪಾಲು ತಗ್ಗುತ್ತದೆ.

ನೀರಿಗೆ ಆಮ್ಲಜನಕ ಕೊಡುವುದು ಗುಳ್ಳೆಗಳೇ ಎಂದು ಬಹಳ ಜನ ತಿಳಿದಿದ್ದಾರೆ. ಒಂದಡಿ ಆಳದ ತೊಟ್ಟಿಯಲ್ಲಿ ಗುಳ್ಳೆ ತಳದಿಂದ ಮೇಲೇರಲು ಒಂದೆರಡು ಸೆಕೆಂಡು ಸಾಕು. ಅಷ್ಟರಲ್ಲಿ ಕರಗುವ ಆಮ್ಲಜನಕ ಅತ್ಯಲ್ಪ. ನಿಜವಾದ ಲಾಭ ಬೇರೆ: ಏರುವ ಗುಳ್ಳೆಗಳು ತಳದ ನೀರನ್ನು ಮೇಲಕ್ಕೆಳೆದು ಮೇಲ್ಮೈಯನ್ನು ಕದಡುತ್ತವೆ, ಗಾಳಿಗೂ ನೀರಿಗೂ ಕೊಡುಕೊಳ್ಳುವಿಕೆ ನಡೆಯುವುದು ಅಲ್ಲಿ. ಹಾಗಾಗಿ ತೊಟ್ಟಿಯ ಬಾಯನ್ನು ಗಾಜಿನಿಂದ ಬಿಗಿಯಾಗಿ ಮುಚ್ಚದಿರುವುದು ಒಳ್ಳೆಯದು.

ಜೋಡಿಸುವಾಗ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ, ಗೋಡೆಯ ಮೊಳೆಗೋ ಶೆಲ್ಫಿನ ಮೇಲೋ ಇಡುವುದು ಎಲ್ಲಕ್ಕಿಂತ ಮುಖ್ಯ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು 230 ವೋಲ್ಟಿನ ಪಂಪಿನೊಳಕ್ಕೇ ಇಳಿಯಬಹುದು. ಬೇರೆ ಜಾಗವಿಲ್ಲದಿದ್ದರೆ ಪೈಪಿನ ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಲೇಬೇಕು. ಬಾಯಿಂದ ಊದಿ, ಗಾಳಿ ತೊಟ್ಟಿಯ ಕಡೆಗೆ ಮಾತ್ರ ಹೋಗುತ್ತದೆಯೇ ಎಂದು ನೋಡಿ ಸಿಕ್ಕಿಸಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದಿರಲಿ, ಹನಿ ಇಳಿದರೂ ಪ್ಲಗ್ಗಿಗೆ ತಲುಪುವುದಿಲ್ಲ. ಗಾಳಿ ಹೆಚ್ಚಾಯಿತೆಂದು ಪೈಪನ್ನು ಮಡಚಿ ಕಟ್ಟಿದರೆ ಪೊರೆ ಬೇಗ ಹರಿಯುತ್ತದೆ. ಕವಲು ವಾಲ್ವ್ ಹಾಕಿ ಮಿಕ್ಕ ಗಾಳಿಯನ್ನು ಹೊರಗೆ ಬಿಡಬೇಕು. ಫೈಟರ್, ಗೌರಾಮಿಗಳಿಗೆ ಹೆಚ್ಚು ಸೆಳೆತ ಒಗ್ಗದು. ಇವು ತೆಲಂಗಾಣದ ರಾಜ್ಯಮೀನಾದ ಕೊರಮೀನಿನಂತೆ ನೇರವಾಗಿ ಗಾಳಿಯನ್ನೂ ಉಸಿರಾಡಬಲ್ಲವು.

ಪಂಪ್ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ಎಂಬುದು ಸಾಮಾನ್ಯವಾಗಿ ಮರೆತುಹೋಗುತ್ತದೆ. ಸೊಳ್ಳೆ ಔಷಧಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಮನುಷ್ಯರಿಗೆ ಅಷ್ಟಾಗಿ ತಟ್ಟದಿದ್ದರೂ ಮೀನಿಗೆ ಘೋರ ವಿಷ. ಸೊಳ್ಳೆ ಬತ್ತಿ, ಲಿಕ್ವಿಡ್ ಮಷೀನು, ಸ್ಪ್ರೇ ಯಾವುದನ್ನೂ ತೊಟ್ಟಿಯಿರುವ ಕೋಣೆಯಲ್ಲಿ ಬಳಸದಿರುವುದು ಒಳ್ಳೆಯದು. ಸೊಳ್ಳೆ ಪರದೆ ಕಟ್ಟಿಕೊಂಡರೆ ಮನುಷ್ಯರಿಗೂ ಮೀನಿಗೂ ಕ್ಷೇಮ. ಒಗ್ಗರಣೆಯ ಜಿಡ್ಡು ಹೊಗೆ ಬರುವ ಅಡುಗೆಮನೆಯೂ ಪಂಪಿಗೆ ತಕ್ಕ ಜಾಗವಲ್ಲ.

ಕೊಳವೆಬಾವಿಯಿಂದ ಆಗಷ್ಟೇ ಎತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುವುದುಂಟು. ಬಕೆಟ್ಟಿಗೆ ತುಂಬಿ, ಒಂದು ರಾತ್ರಿ ಏರ್ ಸ್ಟೋನ್ (ಪೈಪಿನ ತುದಿಗೆ ಸಿಕ್ಕಿಸುವ, ಗಾಳಿಯನ್ನು ಗುಳ್ಳೆಗಳಾಗಿ ಬಿಡುವ ರಂಧ್ರಗಳ ಕಲ್ಲು) ಬಿಟ್ಟು ಮರುದಿನ ತೊಟ್ಟಿಗೆ ಹಾಕುವುದು ಸರಿಯಾದ ಕ್ರಮ. ಗುಳ್ಳೆಗಳ ಕದಡುವಿಕೆಯಿಂದ ನೀರು ಬೇಗ ಆವಿಯಾಗುತ್ತದೆ, ಸುಣ್ಣದಂಶ ಉಳಿಯುತ್ತದೆ. ಇಳಿದಷ್ಟು ತುಂಬಿಸಿದರೆ ಸಾಲದು, ಆಗಾಗ ಸ್ವಲ್ಪ ಹಳೆ ನೀರನ್ನು ತೆಗೆದೂ ಹಾಕಬೇಕು.

ಕರೆಂಟ್ ಹೋದಾಗ ಬ್ಯಾಟರಿ ಪಂಪ್ ಉಪಯೋಗಕ್ಕೆ ಬರುತ್ತದೆ. ಅದಿಲ್ಲದಿದ್ದರೆ ತೊಟ್ಟಿಯ ನೀರನ್ನೇ ಚೊಂಬಿನಲ್ಲಿ ತೋಡಿ, ಗೇಣೆತ್ತರದಿಂದ ನಿಧಾನವಾಗಿ ಮತ್ತೆ ಸುರಿಯುತ್ತಿರಬೇಕು. ಕರೆಂಟ್ ಬರುವವರೆಗೆ ಆಹಾರ ಹಾಕಬಾರದು.

ಸುಣ್ಣದಂಶದ ನೀರಿನಲ್ಲಿ ಏರ್ ಸ್ಟೋನಿನ ರಂಧ್ರಗಳು ಬೆಳ್ಳಗೆ ಕಟ್ಟಿಕೊಳ್ಳುತ್ತವೆ. ಗುಳ್ಳೆ ಒಂದೇ ಮೂಲೆಯಿಂದ ದಪ್ಪದಪ್ಪವಾಗಿ ಬರತೊಡಗಿದರೆ ಅದೇ ಗುರುತು. ವಿನೆಗರಿನಲ್ಲಿ ನೆನೆಸಿಟ್ಟು, ಚೆನ್ನಾಗಿ ತೊಳೆದು ಮತ್ತೆ ಬಳಸಬಹುದು. ಕಟ್ಟಿಕೊಂಡ ಕಲ್ಲನ್ನು ಹಾಗೇ ಬಿಟ್ಟರೆ ಒತ್ತಡವೆಲ್ಲ ಪೊರೆಯ ಮೇಲೆ ಬೀಳುತ್ತದೆ. ಪಂಪ್ ಗುಂಯ್‌ಗುಡುತ್ತಿದ್ದರೂ ಗಾಳಿ ಬರದಿದ್ದರೆ ಬಹುತೇಕ ಪೊರೆಯೇ ಹರಿದಿರುತ್ತದೆ. ಹಲವು ಪಂಪುಗಳಲ್ಲಿ ಅದೊಂದನ್ನೇ ಬದಲಿಸಲು ಬರುತ್ತದೆ.