ಕೇಂದ್ರ ಬಂತು, ಡಾಕ್ಟರು ನಿಲ್ಲಬೇಕು

ಕಾಯಿಲೆ ಬಂದವರಿಗೆ ಮದ್ದು ಕೊಟ್ಟರಷ್ಟೇ ಸಾಲದು, ಸುತ್ತಲ ಹಳ್ಳಿಗಳ ಆರೋಗ್ಯಕ್ಕೂ ಹೊಣೆ ಹೊರಬೇಕು ಎಂಬ ಯೋಚನೆ ಮೈಸೂರು ಸಂಸ್ಥಾನದಲ್ಲಿ ಸ್ವಾತಂತ್ರ್ಯಕ್ಕೂ ಮೊದಲೇ ಹುಟ್ಟಿತ್ತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1929ರಲ್ಲಿ ಮಂಡ್ಯದಲ್ಲಿ ಆರೋಗ್ಯ ಘಟಕ ಶುರುವಾಯಿತು.

ದೇಶಮಟ್ಟದಲ್ಲಿ ಈ ಯೋಚನೆಗೆ ರೂಪ ಕೊಟ್ಟದ್ದು ಜೋಸೆಫ್ ಭೋರ್ ಸಮಿತಿ. 40,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಆರಂಭಿಸೋಣ ಎಂದು ಅದರ 1946ರ ವರದಿ ಹೇಳಿತು. ಎಲ್‌.ಎಂ.ಪಿ. ಬಗೆಯ, ಪದವಿಗಿಂತ ಕೆಳಮಟ್ಟದ ವೈದ್ಯ ಕೋರ್ಸುಗಳನ್ನು ನಿಲ್ಲಿಸಿ, ಇನ್ನು ಪದವೀಧರರಷ್ಟೇ ಸಾಕು ಎಂದದ್ದೂ ಅದೇ ವರದಿ. ಆಗ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ 30,000ದಷ್ಟು ಮಂದಿ ಇಂಥ ಕೋರ್ಸು ಮುಗಿಸಿದವರು. ಸಮಿತಿಯ ಕೆಲವು ಸದಸ್ಯರೇ ಇದನ್ನು ಒಪ್ಪಲಿಲ್ಲ. ಶಿಕ್ಷಣದ ಮಟ್ಟ ಏರಬೇಕಿತ್ತು, ನಿಜ. ಆದರೆ ಸಣ್ಣ ಪೇಟೆಯಲ್ಲಿ ಮನೆ ಮಾಡಿಕೊಂಡು, ಅಜ್ಜಿಯ ಉಬ್ಬಸ, ಮೊಮ್ಮಗುವಿನ ಜ್ವರ ಎರಡನ್ನೂ ನೋಡುತ್ತಿದ್ದ ಆ ಡಾಕ್ಟರ ಜಾಗಕ್ಕೆ ಯಾರು ಬರುತ್ತಾರೆ? ಹೊಸ ಕಾಲೇಜುಗಳು ಇದಕ್ಕೆ ತಕ್ಕ ತರಬೇತಿ ರೂಪಿಸಲಿಲ್ಲ. ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ತಜ್ಞರಿಂದಲೇ ಕಲಿತ ಹುಡುಗ ತಾನೂ ತಜ್ಞನಾಗಲು ಹೊರಟ. 1952ರಿಂದ ಕೇಂದ್ರಗಳೇನೋ ಎದ್ದವು. ಬಂದ ವೈದ್ಯರಲ್ಲಿ ಬಹಳ ಮಂದಿಯ ಕಣ್ಣು ಸ್ನಾತಕೋತ್ತರ ಸೀಟಿನ ಮೇಲಿತ್ತು.

ಬ್ರಿಟನ್ನಿನ ದಾರಿ ಬೇರೆ. 1948ರ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಜನ ಒಬ್ಬೊಬ್ಬ ಕುಟುಂಬ ವೈದ್ಯರ ಬಳಿ ಹೆಸರು ನೋಂದಾಯಿಸಿಕೊಂಡರು. ವೇಲ್ಸ್‌ನ ಗ್ಲಿನ್‌ಕೋರಗ್ ಎಂಬ ಗಣಿಹಳ್ಳಿಯಲ್ಲಿ ದಶಕಗಳ ಕಾಲ ನೆಲೆಸಿದ್ದ ಕುಟುಂಬ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್, ತೊಂದರೆ ಹೇಳಿಕೊಂಡು ಬಂದವರದಷ್ಟೇ ಅಲ್ಲ, ಊರಿನ ವಯಸ್ಕರೆಲ್ಲರ ಬಿ.ಪಿ. ಅಳೆಯಲು ಹೊರಟರು. ಆರೈಕೆ ಹೆಚ್ಚು ಬೇಕಾದವರಿಗೇ ಅದು ಕಡಿಮೆ ಸಿಗುತ್ತದೆ ಎಂದು ಅವರು 1971ರಲ್ಲಿ ಬರೆದದ್ದು ನಮ್ಮ ಹಳ್ಳಿಗಳಿಗೂ ಅಕ್ಷರಶಃ ಒಪ್ಪುತ್ತದೆ.

ಒಬ್ಬರೇ ವೈದ್ಯರು ಬಹುಕಾಲ ನೋಡಿಕೊಂಡರೆ ಏನು ಲಾಭ? ನಾರ್ವೆಯ ಸುಮಾರು 45 ಲಕ್ಷ ಜನರ ದಾಖಲೆ ಪರಿಶೀಲಿಸಿದ 2021ರ ಅಧ್ಯಯನದಲ್ಲಿ, 15 ವರ್ಷ ಮೀರಿ ಅದೇ ವೈದ್ಯರ ಬಳಿ ಇದ್ದವರ ಸಾವಿನ ಸಂಭವ, ಒಂದೇ ವರ್ಷದ ಪರಿಚಯವಿದ್ದವರಿಗಿಂತ ಸುಮಾರು ಶೇ. 25ರಷ್ಟು ಕಡಿಮೆಯಿತ್ತು. ಕಾರಣ ಪರಿಚಯವೊಂದೇ ಎಂದು ಇಂಥ ಅಧ್ಯಯನ ಸಾಧಿಸಲಾರದು. ಆದರೂ ನಂಬಲು ಕಷ್ಟವಿಲ್ಲ: ಈಕೆ ಸುಮ್ಮನೆ ‘ಸುಸ್ತು’ ಎನ್ನುವವಳಲ್ಲ ಎಂದು ಬಲ್ಲ ಡಾಕ್ಟರು ಅದೊಂದೇ ಮಾತಿಗೆ ಎಚ್ಚೆತ್ತುಕೊಳ್ಳುತ್ತಾರೆ.

ಭಾರತದಲ್ಲಿ ಕುಟುಂಬ ವೈದ್ಯಶಾಸ್ತ್ರದ ಡಿ.ಎನ್‌.ಬಿ. ಎಂಬ ಸ್ನಾತಕೋತ್ತರ ಕೋರ್ಸು 1980ರ ದಶಕದಿಂದ ಇದೆ. ಎಂ.ಡಿ. ಶುರುವಾಗಲು ಮತ್ತೂ ಕಾಲ ಹಿಡಿಯಿತು. ಮೊದಲು ತೆರೆದದ್ದು ಕಲ್ಲಿಕೋಟೆಯ ಸರ್ಕಾರಿ ಕಾಲೇಜು. 2017ರಿಂದ ಕೇರಳ ತನ್ನ ಪ್ರಾಥಮಿಕ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾರ್ಪಡಿಸುತ್ತ, ಸಂಜೆಯೂ ಹೊರರೋಗಿಗಳನ್ನು ನೋಡುವಂತೆ ಸಿಬ್ಬಂದಿ ಹೆಚ್ಚಿಸಿತು. ಕರ್ನಾಟಕದಲ್ಲಿ 2022ರ ಕೊನೆಗೆ ಶುರುವಾದ ‘ನಮ್ಮ ಕ್ಲಿನಿಕ್’ ಬಡಾವಣೆಗಳ ಹತ್ತಿರಕ್ಕೇ ಡಾಕ್ಟರನ್ನು ತಂದಿದೆ, ದೊಡ್ಡ ಕೆಲಸವೇ. ಆದರೆ ಅಲ್ಲಿನ ನೇಮಕ ಗುತ್ತಿಗೆಯದು, ಶುಗರ್ ಬಂದವರಿಗೆ ಬೇಕಾದ್ದು ಬದುಕಿಡೀ ಆರೈಕೆ. ಆ ಹುದ್ದೆಗಳು ಕಾಯಂ ಆಗಬೇಕು, ಅವಕ್ಕೆಂದೇ ಕುಟುಂಬ ವೈದ್ಯರನ್ನು ತಯಾರು ಮಾಡುವ ಸೀಟುಗಳು ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಹೆಚ್ಚಬೇಕು.