ಸ್ತ್ರೀಧನ: ಬಾಯಿಮಾತಿನಿಂದ ಪತ್ರದವರೆಗೆ



ಗಂಡ ಹೆಂಡಿರ ನಡುವೆ ಲೆಕ್ಕವೇನು, ಪತ್ರವೇನು ಎಂದು ನಮ್ಮ ಕಡೆ ಹಿರಿಯರು ಹೇಳುವುದುಂಟು. ಆದರೆ ಮಳೆ ಕೈಕೊಟ್ಟ ವರ್ಷ ಬಾವಿ ತೋಡಿಸಲು, ಬೀಜ ಗೊಬ್ಬರ ಕೊಳ್ಳಲು ಮನೆಯಿಂದ ಮೊದಲು ಹೊರಡುವುದು ಹೆಂಡತಿಯ ಸರವೇ. ಬ್ಯಾಂಕಿನಲ್ಲಿ ಒಡವೆ ಸಾಲದ ಮೇಜಿನ ಮುಂದೆ ಕುಳಿತು ನಾನು ಇದನ್ನು ಬಹಳ ಕಂಡಿದ್ದೇನೆ. ಅಡವಿನ ಚೀಟಿ ಸಾಮಾನ್ಯವಾಗಿ ಗಂಡನ ಹೆಸರಿನಲ್ಲೇ ಇರುತ್ತದೆ. ಚೀಟಿ ಅವನದಾದರೆ ಒಡವೆಯೂ ಅವನದಾಯಿತೇ? ಇದಕ್ಕೆ ಉತ್ತರ ಹುಡುಕಲು ಸುಮಾರು ಒಂಬೈನೂರು ವರ್ಷ ಹಿಂದಕ್ಕೆ ಹೋಗಬೇಕು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದನು. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಅಗ್ನಿಸಾಕ್ಷಿಯಾಗಿ ಬಂದದ್ದು ಹೆಣ್ಣಿನ ಸೊತ್ತು, ಅದೇ ಸ್ತ್ರೀಧನ. ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ, ಈ ನಾಲ್ಕು ಕಷ್ಟಗಳಲ್ಲಿ ಗಂಡ ಅದನ್ನು ಬಳಸಿಕೊಂಡರೆ ಹಿಂದಿರುಗಿಸಬೇಕಾಗಿಲ್ಲ. ಬೇರೆ ಕಾರಣಕ್ಕೆ ತೆಗೆದುಕೊಂಡರೆ ಹಿಂದಕ್ಕೆ ಕೊಡಲೇಬೇಕು. ಗಂಡನ ಹೊರತು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಆದ್ದರಿಂದ ಗಂಡ ಹೆಂಡಿರ ಸೊತ್ತು ಬೇರೆ ಬೇರೆ ಎಂಬ ಮಾತು ಪರದೇಶದಿಂದ ಬಂದದ್ದಲ್ಲ. ಕನ್ನಡ ನೆಲದಲ್ಲೇ ಬರೆದ ಗ್ರಂಥ ಅದನ್ನು ಹೇಳಿದೆ.

ಕೊರತೆ ಇದ್ದದ್ದು ರುಜುವಾತಿನಲ್ಲಿ. ಹುಡುಗಿಗೆ ತವರಿನವರು ಕೊಟ್ಟ ತುಂಡು ಭೂಮಿಯನ್ನು ಕನ್ನಡದವರು ಅರಿಶಿನ ಕುಂಕುಮಕ್ಕೆ ಕೊಟ್ಟದ್ದು ಎನ್ನುತ್ತೇವೆ, ತಮಿಳರು ಮಂಜಳ್ ಕಾಣಿ ಎನ್ನುತ್ತಾರೆ. ಇದೆಲ್ಲ ಎಲೆ ಅಡಿಕೆಯ ಮುಂದೆ ಆಡಿದ ಬಾಯಿಮಾತು. ಗಂಡ ತೀರಿಕೊಂಡ ಮೇಲೆ ಸಾಲಗಾರರು ಬಾಗಿಲಿಗೆ ಬಂದರೆ ಯಾವುದು ಯಾರದೆಂದು ಹೇಳುವ ಕಾಗದವೇ ಇರುತ್ತಿರಲಿಲ್ಲ.

ಕಾಗದಕ್ಕೆ ಬೆಲೆ ತಂದ ಕಾನೂನುಗಳಲ್ಲಿ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆಯೂ ಒಂದು. ಗಂಡ ತನ್ನ ಜೀವ ವಿಮೆಯನ್ನು ಹೆಂಡತಿ ಮಕ್ಕಳ ಹಿತಕ್ಕಾಗಿ ಎಂದು ಪಾಲಿಸಿಯಲ್ಲೇ ಬರೆಸಿದರೆ ಆ ಹಣ ಅವರಿಗಾಗಿ ಇಟ್ಟ ಟ್ರಸ್ಟ್ ಆಗುತ್ತದೆ, ಗಂಡನ ಸಾಲಗಾರರ ಕೈಗೆ ಸಿಗುವುದಿಲ್ಲ. 1923ರ ತಿದ್ದುಪಡಿಯಲ್ಲಿ ಇದು ಹಿಂದೂ, ಮುಸ್ಲಿಂ, ಸಿಖ್, ಜೈನರಿಗೂ ಅನ್ವಯಿಸುತ್ತದೆ ಎಂದು ಸ್ಪಷ್ಟವಾಯಿತು. ಉಳಿದ ಪ್ರಾಂತ್ಯಗಳಲ್ಲಿ 1923ರ ಏಪ್ರಿಲ್ 1ರಿಂದೀಚಿನ ಪಾಲಿಸಿಗಳಿಗೆ ಮಾತ್ರ ಈ ರಕ್ಷಣೆ. ಮದರಾಸಿನಲ್ಲಿ 1913ರ ಡಿಸೆಂಬರ್ 31ರ ನಂತರದ ಪಾಲಿಸಿಗಳಿಗೇ ಸಿಕ್ಕಿತು. ಹಾಗಾಗಿ ಸೇಲಂ ಜಿಲ್ಲೆಯವರಿಗೆ ಒಂಬತ್ತು ವರ್ಷಕ್ಕೂ ಹೆಚ್ಚಿನ ಅನುಕೂಲವಾಯಿತು. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ, ಕೃಷ್ಣಗಿರಿ 2004ರಲ್ಲಿ.

ಇನ್ನೊಂದು ವಿಷಯದಲ್ಲಿ ಮೈಸೂರು ಮುಂದಾಯಿತು. ಆ ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿತು. ಯಾವುದು ಸ್ತ್ರೀಧನ ಎಂದು ವಿವರಿಸಿ, ಅದರ ಮೇಲೆ ಹೆಣ್ಣಿಗೆ ಪೂರ್ಣ ಅಧಿಕಾರವಿದೆ ಎಂದು ಸಾರಿತು. ಬ್ರಿಟಿಷ್ ಸೀಮೆಯಲ್ಲಿ ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ. ಅದೂ ವಿಧವೆಗೆ ಗಂಡನ ಪಾಲನ್ನು ಜೀವಮಾನದ ಮಟ್ಟಿಗೆ ಮಾತ್ರ ಕೊಟ್ಟಿತು. ಅತ್ತಿಬೆಲೆಯ ಆಚೆ ಆನೇಕಲ್ಲಿನಲ್ಲಿ ಒಂದು ಕಾನೂನು, ಈಚೆ ಹೊಸೂರಿನಲ್ಲಿ ಇನ್ನೊಂದು. ಹೆಣ್ಣು ಕೊಡುವುದು ತರುವುದು ಮಾತ್ರ ಎರಡೂ ಕಡೆಯಿಂದ ನಡೆದೇ ಇತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಎರಡೂ ಕಡೆ ಹೆಣ್ಣನ್ನು ತನ್ನ ಸೊತ್ತಿನ ಪೂರ್ಣ ಒಡತಿ ಎಂದಿತು.

ಮದುವೆಯ ಹೊತ್ತಿಗೇ ಕರಾರು ಮಾಡುವ ಪದ್ಧತಿಯೂ ನಮ್ಮ ದೇಶದಲ್ಲಿದೆ. ಮುಸಲ್ಮಾನರಲ್ಲಿ ನಿಕಾಹ್ ವೇಳೆ ಒಪ್ಪಿದ ಮಹರ್ ಗಂಡನ ಮೇಲಿನ ಸಾಲ. ಗೋವೆಯಲ್ಲಿ 1867ರ ಪೋರ್ಚುಗೀಸ್ ಸಂಹಿತೆಯಂತೆ ಮದುವೆಗೆ ಮುಂಚೆ ಆಸ್ತಿಯ ಕರಾರು ಬರೆಯಬಹುದು. ಬರೆಯದಿದ್ದರೆ ಸಾಮಾನ್ಯವಾಗಿ ಇಬ್ಬರಿಗೂ ಸಮಪಾಲು. ನಮ್ಮ ಹಿಂದೂ ವಿವಾಹ ಕಾಯಿದೆಯಲ್ಲಿ ಅಂಥ ಕರಾರಿಗೆ ಏರ್ಪಾಡಿಲ್ಲ. ವರದಕ್ಷಿಣೆ ಕೊಡುವ ಒಪ್ಪಂದವಂತೂ 1961ರ ಕಾಯಿದೆಯಂತೆ ಅಸಿಂಧು.

ಮೊದಲ ಪ್ರಶ್ನೆಗೆ ಈಗ ಬರೋಣ. 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು. ಸ್ತ್ರೀಧನ ಹೆಂಡತಿಯದೇ, ಗಂಡನ ಮನೆಯಲ್ಲಿ ಇದ್ದಮಾತ್ರಕ್ಕೆ ಅದು ಗಂಡನದಾಗದು. ಅವಳು ನಂಬಿ ಒಪ್ಪಿಸಿದ್ದನ್ನು ಕೊಡದೆ ಹೋದರೆ ನಂಬಿಕೆ ದ್ರೋಹದ ಅಪರಾಧ. ಅದೇ ವರ್ಷ ಅಕ್ಟೋಬರ್ 2ರಿಂದ ಇನ್ನೊಂದು ನಿಯಮ ಜಾರಿಗೆ ಬಂತು. ಮದುವೆಯಲ್ಲಿ ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿ ಬರೆಯಬೇಕು. ವಸ್ತುವಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರ ಸಂಬಂಧ ನಮೂದಿಸಿ ವಧೂವರರಿಬ್ಬರೂ ಸಹಿ ಮಾಡಬೇಕು.

ಮುಯ್ಯಿ ಬರೆಯಲು ಮದುವೆ ಮಂಟಪದಲ್ಲಿ ಪುಸ್ತಕ ಹಿಡಿದು ಒಬ್ಬರು ಕುಳಿತೇ ಇರುತ್ತಾರೆ. ಅದೇ ಪುಸ್ತಕದ ಪಕ್ಕದಲ್ಲಿ ಈ ಪಟ್ಟಿಗೂ ಒಂದು ಹಾಳೆ ಇರಲಿ, ಅದು ಹುಡುಗಿಯ ಕೈಯಲ್ಲಿರಲಿ. ಹೆಂಡತಿಗೆ ಜಮೀನು ಕೊಡುವ ಮನಸ್ಸಿದ್ದರೆ ಇಬ್ಬರು ಸಾಕ್ಷಿಗಳನ್ನಿಟ್ಟು ಸೆಟ್ಲ್‌ಮೆಂಟ್ ಪತ್ರ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಅವಳ ಒಡವೆ ಅಡವಿಡುವಾಗ ಚೀಟಿ ಅವಳ ಹೆಸರಿನಲ್ಲಿರಲಿ. ಪತ್ರ ಬರೆಯುವುದೆಂದರೆ ಅಪನಂಬಿಕೆಯಲ್ಲ. ಇಂದು ಇರುವ ನಂಬಿಕೆಗೆ ನಾಳೆ ಸಾಕ್ಷಿ ಬೇಕಾದರೆ ಅದು ಸಿಗುವಂತೆ ಮಾಡುವುದು, ಅಷ್ಟೇ.